ಕಟ್ಟಿ ಕೆಳಗಿನ ಗಟಾರ

ನಮ್ಮ ಓಣ್ಯಾಗ ಮಳಿ ಬಂತಂದ್ರ ಏನರೆ ಒಂದ ನಡೀಲೇಬೇಕು. ಬ್ಯಾರೆ ಕಡೆ ಮಳಿ ಬಂದ್ರ ಮಂದಿ ಬಾಗಿಲಾ ಹಾಕ್ಕೋತಾರ. ನಮ್ಮಲ್ಲಿ ಬಾಗಿಲಾ ತಗದು, ಇವತ್ತ ಏನೇನ ತೇಲಿ ಬರ್ತಾವ ಅಂತ ನೋಡ್ಕೋಂತ ಕೂಡ್ತಾರ.

ನಾ ಬಸ್ಸಿನ್ಯಾಗ ಕಂಡಕ್ಟರ್ ಆಗಿ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಅಂತ ತಿರಗಿ ತಿರಗಿ, ಈಗ ರಿಟೈರ್ಡ್ ಆಗಿ ಕಟ್ಟಿ ಮ್ಯಾಲೆ ಕುಂತಾವ. ನಮ್ಮ ಓಣಿ ಈ ನಾಕೂರಾಗ ಒಂದೂರಾಗ ಐತಿ. ಯಾವೂರು ಅಂತ ಹೇಳೂದಿಲ್ಲ. ನಾಕೂ ಊರಾಗ ನನಗ ಬೀಗರದಾರ, ಹಬ್ಬಕ್ಕ ಉಣ್ಣಾಕ ಹೋಗಬೇಕು. ಇಲ್ಲಿ ಹೇಳಿದ್ದೆಲ್ಲಾ ಖರೇ. ನಮ್ಮಾಕಿ ಮಾತ್ರ ಅರ್ಧಾ ಖರೇ ಅಂತಾಳ. ಆದ್ರ ಆಕಿ ಅರ್ಧಾ ಹೊತ್ತ ಅಡಗಿಮನ್ಯಾಗ ಇದ್ಲು, ಹೊರಗ ನಡದದ್ದು ಆಕಿಗೆ ಹೆಂಗ ಗೊತ್ತಾಗಬೇಕು?

ಚಪ್ಪಲಿ ಸಂತಿ

ನಮ್ಮ ಓಣಿ ಹಳೇದು. ಮ್ಯಾಲೆ ಹನುಮಪ್ಪನ ಗುಡಿ, ಅಲ್ಲಿಂದ ಇಳಕಲಾ. ಇಳಕೋಂತ ಇಳಕೋಂತ ಬಂದ್ರ ಕಟ್ಟಕಡೀ ಮನಿ ರೊಟ್ಟಿ ಅಕ್ಕಂದು. ಗಂಡ ತೀರಿಕೊಂಡ ಮ್ಯಾಲೆ ಆಕಿ ಒಬ್ಬಾಕಿನ ಖಡಕ್ ರೊಟ್ಟಿ ಬಡದು ಮನಿ ನಡಸ್ತಾಳ. ಆಕಿ ರೊಟ್ಟಿ ಹೆಂಗ ಇರ್ತಾವಂದ್ರ, ಮುರದ್ರ ಗುಡಿತನ ಸಪ್ಪಳಾ ಕೇಳ್ತೈತಿ. ಹನುಮಪ್ಪನೂ ಒಮ್ಮೆ ಇತ್ತಾಗ ಹೊಳ್ಳಿ ನೋಡಿದ್ದ ಅಂತಾರ. ಯಾರ ಅಂತಾರ ಅಂದ್ರ, ನಾನ ಅಂತೇನಿ.

ಶಿಗ್ಗಾಂವ ಹೈವೇದಾಗ ಒಂದ ಖಾನಾವಳಿ ಐತಿ. ಅಲ್ಲಿಗೆ ದಿನಾ ಆಕಿ ರೊಟ್ಟಿನ ಹೋಗಬೇಕು. ಆದ್ರ ದೊಡ್ಡ ಮಳಿ ಬಂತಂದ್ರ ಇಡೀ ಓಣಿ ನೀರು ರಸ್ತೆ ಮ್ಯಾಲೆ ಹರಕೋಂತ ಬಂದು ಸೀದಾ ಆಕಿ ಮನಿ ಹೊಕ್ಕೈತಿ. ಹೋದ ಮಳಿಗಾಲದಾಗ ಹಂಗ ಹೊಕ್ಕು ಬುಟ್ಟಿಗಟ್ಟಲೆ ರೊಟ್ಟಿ ತೊಯ್ದು ಅಂಬಲಿ ಆದ್ವು. ಖಾನಾವಳಿ ಮಾಲಕ ಫೋನಿನ್ಯಾಗ ಹೇಳಿದ:

"ಅಕ್ಕಾರ, ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದ್ರ ನನ್ನ ಗಿರಾಕಿಗೋಳು ರೊಟ್ಟಿ ಕೇಳ್ತಾರ, ಮಳೀ ಕತಿ ಕೇಳೂದಿಲ್ಲ. ಇನ್ನೊಮ್ಮೆ ಹಿಂಗಾತಂದ್ರ ಹಂಸಭಾವಿ ಕಡಿಯಾವ್ರಿಗೆ ಹೇಳ್ತೇನ್ರಿ."

ಅಕ್ಕ ಫೋನ್ ಇಟ್ಟು ನಮಗೂ ಹೇಳಿದ್ಲು. "ನೋಡ್ರಿ ಕಾಕಾ, ಮುಂದಿನ ಮಳೀಗೆ ಒಳಗ ನೀರ ಬಂತಂದ್ರ ನಾ ಟ್ರಂಕ್ ಎತ್ತಿ ಅಬಲೂರಿಗೆ, ಅಣ್ಣನ ಮನೀಗೆ ಹೊಕ್ಕೇನಿ. ಸಾಕಾಗೇತಿ ನನಗ."

ನಾವೆಲ್ಲಾ ಗಾಬ್ರಿ ಆದ್ವಿ. ಆಕಿ ಹೋಗೂದಂದ್ರೇನು! ಬೈದ್ರೂ ಮನಸಿಗೆ ಹತ್ತಲಾರದಂಗ ಬಯ್ಯಾಕಿ ಅಂದ್ರ ಓಣ್ಯಾಗ ಆಕಿ ಒಬ್ಬಾಕಿನ.

ನೀರಿನ ಜೋಡಿ ಆಕಿ ಮನೀಗೆ ಇನ್ನೊಂದ ಬರ್ತಿತ್ತು. ನಮ್ಮಲ್ಲಿ ಎಲ್ಲಾರೂ ಚಪ್ಪಲಿ ಕಟ್ಟಿ ಕೆಳಗ ಬಿಡತೇವಿ. ಮಳಿ ಜೋರಾತಂದ್ರ ಓಣಿ ಚಪ್ಪಲಿಯೆಲ್ಲಾ ಮೆರವಣಿಗಿ ಹೊಂಟಂಗ ಹೊಂಟು ಆಕಿ ಹೊಸಲಿಗೆ ಬಂದು ನಿಲ್ತಾವು. ಒಮ್ಮೆ ಅವುಗಳ ಹಿಂದ ಒಂದ ತೊಟ್ಲಾ, ತೊಟ್ಲಾದಾಗ ಒಂದ ಬೆಕ್ಕು, ರಾಣಿಗತೆ ಕುಂತಕೊಂಡು ಬಂತು. (ತೊಟ್ಲಾ ಅಲ್ಲ, ಪ್ಲಾಸ್ಟಿಕ್ ಬುಟ್ಟಿ ಅಂತ ನಮ್ಮಾಕಿ ಒಳಗಿಂದ ಒದರಾಕತ್ತಾಳ. ಬೆಕ್ಕಿಗೆ ತೊಟ್ಲಾನ ಆಗಿತ್ತು.)

ಮರದಿನಾ ಮುಂಜಾನೆ ಅಕ್ಕ ಎಲ್ಲಾ ಚಪ್ಪಲಿ ತೊಳದು ಗ್ವಾಡೀಗೆ ಸಾಲಾಗಿ ಆನಿಸಿ ಇಟ್ಟಿದ್ಲು. ಮಂದಿ ಬಂದು ತಮ್ಮ ತಮ್ಮವು ಗುರತ ಹಿಡೀಬೇಕು. ಹರಕ ಚಪ್ಪಲಿ ಕಳಕೊಂಡಾವ್ರೆಲ್ಲಾ ಹೊಸಾವ ಗುರತ ಹಿಡದ್ರು. ನಾನೂ ಒಂದ ಚಲೋ ಜೋಡಿ ನೋಡಿ ಕಾಲಾಗ ಹಾಕ್ಕೊಂಡ್ನಿ.

"ಕಾಕಾ, ಇವು ನಿಮ್ಮಾವ ಹೌದೇನ್ರಿ?" ಅಂದ್ಲು ಅಕ್ಕ.

"ನಮ್ಮಾವ ಯವ್ವಾ. ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನ?"

"ಎರಡೂ ಎಡಗಾಲಿನವು ಅದಾವಲ್ರಿ!"

"ನೀರಾಗ ಬಂದಾವಲ್ಲ ಯವ್ವಾ," ಅಂದ್ನಿ, "ಬರುಮುಂದ ಒಂದ ಜರಾ ತಿರಗೇತಿ."

ಗಟಾರ ಎಲ್ಲೈತಿ?

ಅಕ್ಕ ಹೊಕ್ಕಾಳ ಅನ್ನೂ ಹೆದರಿಕಿಗೆ ನಾವೆಲ್ಲಾ ಕೂಡಿ ಮುನ್ಸಿಪಾಲ್ಟಿ ಆಫೀಸಿಗೆ ಹೋಗಿ ಕುಂತ್ವಿ. ಏಳ್ರಿ ಅಂದ್ರೂ ಏಳ್ಲಿಲ್ಲ. ಕಡೀಕ ನಮ್ಮ ಕಾಟಾ ತಾಳಲಾರದ ಒಬ್ಬಾಕಿ ಎಂಜಿನಿಯರ್ ಬಾಯಿಯವ್ರನ್ನ ಕಳಿಸಿದ್ರು. ಹಿರೇಕೆರೂರ ಕಡಿಯಾಕಿ, ವಯಸ್ಸ ಸಣ್ಣದು, ಕೈಯಾಗ ಒಂದ ಕಬ್ಬಿಣದ ಸಲಾಕಿ. ಬಂದಾಕಿನ ಕೇಳಿದ್ಲು:

"ಹಳೇ ಗಟಾರ ಎಲ್ಲೈತ್ರಿ?"

ಕಟ್ಟಿ ಮ್ಯಾಲೆ ಕುಂತಾವ್ರೆಲ್ಲಾ ಒಂದೊಂದ ದಿಕ್ಕಿಗೆ ಕೈ ಮಾಡಿದ್ರು. ನಡುವಿನ ಮನ್ಯಾಗಿನ ಮಾಸ್ತರ್ರು, ಸಾಲಿ ಬಿಟ್ಟು ಭಾಳ ದಿವಸ ಆದ್ರೂ ಪಾಠಾ ಬಿಟ್ಟಿಲ್ಲ, ಎದ್ದು ನಿಂತು "ಅದು ಗುಡಿಯಿಂದ ಹೊಂಟು ನೆಲದ ಕೆಳಗ ಹಾದು ಕೆರಿ ಸೇರ್ತೈತಿ" ಅಂದ್ರು. ಅಕ್ಕನ ಮ್ಯಾಲಿನ ಮನಿ ಸಾಹುಕಾರ್ರು, "ಕೆರೀಗ್ಯಾಕ್ರಿ? ಕ್ವಾಟೀಗೆ ಹೋಗ್ತೈತಿ. ರಾಜರು ಕುದರಿ ಮ್ಯಾಲೆ ಕುಂತ ಒಳಗ ಹೋಗ್ತಿದ್ರು" ಅಂದ್ರು. ಸಾಹುಕಾರ್ರು ಹೌದಂದದ್ದನ್ನ ಅಲ್ಲ ಅನ್ನಾಕಂತನ ಹುಟ್ಟಿದ ಅವರ ಬಾಜೂಮನಿ ಗೌಡ್ರು, "ಕುದರಿ ಹೆಂಗ ಹೊಕ್ಕೈತ್ರಿ? ಆನಿ ಹೋಗ್ತಿತ್ತು" ಅಂದ್ರು.

ಇಷ್ಟ ಆದ ಮ್ಯಾಲೆ ನಾ ಸುಮ್ನ ಕುಂತ್ರ ನನ್ನ ಮರ್ಯಾದಿ ಏನಾಗಬೇಕು? "ನೋಡ ಯವ್ವಾ," ಅಂದ್ನಿ, "ನಮ್ಮಜ್ಜಂದ ಒಂದ ಬಾತುಕೋಳಿ ಇಲ್ಲಿ ಗಟಾರದಾಗ ಹೊಕ್ಕದ್ದು ಸವಣೂರಾಗ ಎದ್ದಿತ್ತು."

ಆಕಿ ನನ್ನ ಮಾರಿ ನೋಡಿದ್ಲು. ನಾ ಕಂಡಕ್ಟರ್ ಆಗಿದ್ನಿ ಅಂತ ಯಾರೋ ಆಗಲೇ ಹೇಳಿದ್ರು. "ಅಜ್ಜಾರ, ಬಾತುಕೋಳಿಗೆ ಟಿಕೀಟ ಕೊಟ್ಟಿದ್ರೋ, ಹಂಗ ಬಿಟ್ಟಿದ್ರೋ?"

ಮಂದಿ ನಕ್ಕದ್ದ ನಕ್ಕದ್ದು. ನನ್ನ ಮಾತಿಗೆ ಅಷ್ಟ ಎಂದೂ ನಕ್ಕಿರಲಿಲ್ಲ, ಕೃತಘ್ನರು.

ಆಮ್ಯಾಲೆ ಆಕಿ ಸಲಾಕಿ ತಗೊಂಡು ನೆಲಾ ಬಡಕೋಂತ ಹೊಂಟ್ಲು. ರಸ್ತೆ ಮ್ಯಾಲೆ ಬಡದ್ರ ಠಣ್ ಠಣ್. ಕಟ್ಟಿ ಮ್ಯಾಲೆ ಬಡದ್ಲು, ಡೊಬ್ ಅಂತು. ಮತ್ತೊಂದ ಕಟ್ಟಿ, ಡೊಬ್. ಆಕಿ ಹಣಿ ಒರಸಿಕೊಂಡು, "ಎಲ್ಲಾರೂ ಜರಾ ಏಳ್ರಿ" ಅಂದ್ಲು. ನಾವು ಎದ್ವಿ. "ನೀವು ಕುಂತದ್ದು ಗಟಾರದ ಮ್ಯಾಲೇರಿ."

ಹೆಂಗ ಅಂತೀರಿ? ನಮ್ಮಲ್ಲಿ ಮನ್ಯಾಗ ಮದವಿ ಇಟ್ಟಕೊಂಡ್ರ ಬೀಗರು ಕೂಡಾಕ ಕಟ್ಟಿ ಒಂದ ಮೊಳಾ ಮುಂದ ಕಟ್ಟಸ್ತಾರ. ಮದವಿ ಮುಗದ ಮ್ಯಾಲೆ ಬೀಗರು ಹೊಕ್ಕಾರ, ಕಟ್ಟಿ ಉಳೀತೈತಿ. ಅಜ್ಜನ ಮದವಿಗೊಂದ ಮೊಳಾ, ಅಪ್ಪನ ಮದವಿಗೊಂದ ಮೊಳಾ. ಹಿಂಗ ಕಟ್ಟಿ ಮುಂದ ಮುಂದ ಬಂದು ಗಟಾರ ನುಂಗಿ ರಸ್ತೆಕ್ಕ ಬಾಯಿ ಹಾಕಿತ್ತು. ನಾ ಸಣ್ಣಾವಿದ್ದಾಗ ಜೋಡೆತ್ತಿನ ಚಕ್ಕಡಿ ಹೊಳ್ಳತಿತ್ತು. ಈಗ ದಪ್ಪನ ಬೀಗರು ಬಂದ್ರ ಅಡ್ಡಡ್ಡ ನಡದು ಬರಬೇಕು.

"ಇಷ್ಟ ವರ್ಷ ಯಾರೂ ಗಟಾರದ ಕಡೆ ಲಕ್ಷ್ಯ ಕೊಟ್ಟಿಲ್ಲೇನ್ರಿ?" ಅಂತ ಕೇಳಿದ್ಲು.

ಸಾಹುಕಾರ್ರಿಗೆ ಸಿಟ್ಟ ಬಂತು. "ಹಂಗ ಅನಬ್ಯಾಡ್ರಿ ಬಾಯಾರ. ಮುಂಜಾನಿಂದ ಸಂಜೀತನ ನಾವು ಅದರ ಮ್ಯಾಲೇ ಇರ್ತೇವಿ."

ಮಾಸ್ತರ್ರ ಗಂಗಾ

ಗಟಾರ ಸಿಕ್ಕಿತು. ಆದ್ರ ಅದು ಹೋಗೂದೆಲ್ಲಿಗೆ, ತುಂಬಿ ನಿಂತದ್ದೆಲ್ಲಿ? ಕಟ್ಟಿಯೆಲ್ಲಾ ಒಡಿಯೂಕಿಂತ ಮೊದಲ ಅದನ್ನ ನೋಡೂಣು ಅಂತ ಎಂಜಿನಿಯರ್ ಬಾಯಿ ಒಂದ ಯುಕ್ತಿ ಹೇಳಿದ್ಲು. ಗುಡಿ ಮುಂದ ಗಟಾರದ ಬಾಯಾಗ ಬಣ್ಣದ ನೀರ ಬಿಡೂದು. ಎಲ್ಲಿ ಬಣ್ಣ ಬರ್ತೈತಿ ನೋಡೂದು. ಹೋಳಿ ಹುಣ್ಣಿಮಿಗೆ ಉಳಿದ ಕೆಂಪ ಬಣ್ಣ ಯಾರ್ಯಾರ ಮನ್ಯಾಗಿಂದೋ ಬಂತು. ನೀರಿನ ಟ್ಯಾಂಕರ್ ಬಂತು. ಓಣಿ ಮಂದಿ ಇಷ್ಟ ಹುರುಪಿಲೆ ಯಾವ ಕೆಲಸಕ್ಕೂ ಬಂದಿದ್ದಿಲ್ಲ. ಒಬ್ಬೊಬ್ಬರು ಒಂದೊಂದ ಜಾಗಾದಾಗ ಫೋನ್ ಹಿಡಕೊಂಡ ನಿಂತ್ರು. ನಾನೂ ಸಾಹುಕಾರ್ರೂ ಕೆರಿ ದಂಡಿಗೆ.

ಸ್ವಲ್ಪ ಹೊತ್ತಿನ್ಯಾಗ ನನ್ನ ಕಾಲ ಮುಂದ ಕೆಂಪ ನೀರು! "ಬಂತು ಬಂತು! ಕೆರೀಗೆ ಬಂತು!" ಅಂತ ಬಸ್ ಸ್ಟ್ಯಾಂಡಿನ ದನೀಲೆ ಒದರಿದ್ನಿ. ಮ್ಯಾಲಿಂದ ಮಂದಿ ಬಿದ್ದು ಎದ್ದು ಓಡಿ ಬಂದ್ರು. ಬಂದು ನೋಡಿದ್ರ ನನ್ನ ಹಿಂದ ಸಾಹುಕಾರ್ರು ಬಾಯಿ ಒರಸಿಕೋಂತ ನಿಂತಾರ, ಎಲಿ ಅಡಕಿ ಉಗುಳಿ.

ಎಲ್ಲಾರೂ ನನ್ನ ಬಯ್ಯಾಕ ಬಾಯಿ ತಗಿಯೂದ್ರಾಗ ಓಣ್ಯಾಗಿಂದ ಮಾಸ್ತರ್ರ ಚೀರಾಟ ಕೇಳಿಸ್ತು.

ಇಲ್ಲಿ ಒಂದ ಮಾತ ಹೇಳಬೇಕು. ಮಾಸ್ತರ್ರ ಹಿತ್ತಲದಾಗ ಒಂದ ಸೆಲಿ ಇತ್ತು. ಕಲ್ಲಿನ ಸಂದ್ಯಾಗಿಂದ ಹನಿ ಹನಿ ನೀರ ಜಿನಗತಿತ್ತು. ಇಡೀ ಊರಾಗ ಯಾರ ಮನ್ಯಾಗೂ ಇಲ್ಲದ್ದು ತಮ್ಮ ಮನ್ಯಾಗ ಗಂಗಾ ಹುಟ್ಟ್ಯಾಳ ಅಂತ ಮಾಸ್ತರ್ರು ಅದಕ್ಕ ಸಣ್ಣದೊಂದ ಗೂಡ ಕಟ್ಟಿ ದಿನಾ ಪೂಜಿ ಮಾಡ್ತಿದ್ರು. ಮೊಣಕಾಲ ನೋವು, ಸೊಂಟಾ ನೋವು ಅಂದಾವ್ರಿಗೆ ಬಾಟಲಿ ತುಂಬಿ ಕೊಡ್ತಿದ್ರು. "ಹಚ್ಚಿಕೋರಿ, ಕುಡಿಬ್ಯಾಡ್ರಿ, ಭಾಳ ಶಕ್ತಿ ಐತಿ" ಅಂತ ಹೇಳ್ತಿದ್ರು. ಅದೊಂದ ಪುಣ್ಯಾದ ಮಾತ ಹೇಳಿದ್ರು.

ನಾವು ಹೋಗಿ ನೋಡಿದ್ರ ಸೆಲಿ ಕೆಂಪಗಾಗಿತ್ತು. ಮಾಸ್ತರ್ರು ಹಸೀ ಧೋತ್ರದಾಗ ಕೈ ಮುಗದು ನಿಂತಾರ, ಕಣ್ಣಾಗ ನೀರು. "ತಾಯಿ ಕುಂಕುಮ ಕೊಟ್ಟಾಳ! ಇಷ್ಟ ವರ್ಷದ ಪೂಜಿ ಫಲಾ ಕೊಟ್ಟೈತಿ!" ಅಂತ ಟೆಂಗಿನಕಾಯಿ ಒಡದ್ರು. ಅವರ ಮನಿಯವ್ರು ಆರತಿ ತಂದ್ರು. ಬಾಜೂ ಮನಿ ಹೆಣಮಕ್ಕಳು ಆ ಕೆಂಪ ನೀರಿನ್ಯಾಗ ಬೆರಳ ಅದ್ದಿ ಹಣೀಗೆ ಹಚ್ಚಿಕೊಳ್ಳಾಕತ್ತಿದ್ರು.

ಎಂಜಿನಿಯರ್ ಬಾಯಿ ಸೆಲಿ ಹತ್ರ ಬಗ್ಗಿ ನೋಡಿದ್ಲು. ಆಮ್ಯಾಲೆ ಮೆತ್ತಗ ಅಂದ್ಲು. "ಮಾಸ್ತರ, ಅದು ಗುಡಿ ಮುಂದ ನಾವ ಬಿಟ್ಟ ಬಣ್ಣರಿ."

ಆರತಿ ಹಿಡದ ಕೈ ಅಲ್ಲೇ ನಿಂತಿತು. ಮಾಸ್ತರ್ರು ಸೆಲಿ ನೋಡಿದ್ರು, ನಮ್ಮನ್ನ ನೋಡಿದ್ರು, ಒಡದ ಕಾಯಿ ನೋಡಿದ್ರು. "ಹಂಗಾರ ಇಷ್ಟ ದಿವಸ ಬಂದದ್ದು..." ಅಂದು ಅಲ್ಲೇ ಬಿಟ್ರು.

"ಗಟಾರ ನಿಮ್ಮ ಮನೀತನ ಬರೋಬ್ಬರಿ ಬರ್ತೈತ್ರಿ," ಅಂದ್ಲು ಆಕಿ. "ಮುಂದ ಎಲ್ಲೋ ಕಟ್ಟೇತಿ. ಅದಕ್ಕ ನೀರ ಇಲ್ಲಿ ಜಿನಗತೈತಿ, ಉಳಿದದ್ದು ಉಕ್ಕಿ ರಸ್ತೆ ಹಿಡದು ಅಕ್ಕಾರ ಮನೀಗೆ ಹೊಕ್ಕೈತಿ."

ಸುತ್ತ ನಿಂತಾವ್ರು ಯಾರೂ ಒಬ್ಬರ ಮಾರಿ ಒಬ್ಬರು ನೋಡ್ಲಿಲ್ಲ. ಎಲ್ಲಾರ ಮನ್ಯಾಗೂ ಒಂದೊಂದ ಬಾಟಲಿ ಇತ್ತು. ನಾನೂ ಮೊಣಕಾಲಿಗೆ ದಿನಾ ಹಚ್ಚಿಕೊಂತಿದ್ನಿ. ಖರೇ ಹೇಳಬೇಕಂದ್ರ ಭಾಳ ಆರಾಮ ಆಗಿತ್ತು. ಆಕಿ ಆ ಮಾತ ಅಂದ ಕೂಡ್ಲೇ ಮತ್ತ ನೋಯಾಕ ಹತ್ತಿತು.

ಮೊದಲ ಮಾನ

ಮಾಸ್ತರ್ರ ಮನಿ ದಾಟಿದ್ರ ಗೌಡ್ರ ಮನಿ, ಆಮ್ಯಾಲೆ ಸಾಹುಕಾರ್ರ ಮನಿ, ಆಮ್ಯಾಲೆ ಅಕ್ಕಂದು. ಅಂದ್ರ ಕಟ್ಟಿದ್ದು ಈ ಎರಡು ದೊಡ್ಡ ಕಟ್ಟಿ ಕೆಳಗ. ಒಡೀಬೇಕು.

ಈ ಎರಡು ಮನೆತನಕ್ಕ ಅಜ್ಜಂದಿರ ಕಾಲದಿಂದ ಮೊದಲ ಮಾನದ ಜಗಳಾ. ಮದವ್ಯಾಗ ಮೊದಲ ಎಲಿ ಯಾರಿಗೆ ಹಾಕಬೇಕು, ಮೊದಲ ವೀಳ್ಯೆ ಯಾರಿಗೆ ಕೊಡಬೇಕು ಅನ್ನೂದ್ರಾಗ ಎಷ್ಟೋ ಮಂದಿ ಹಸದು ಕುಂತಾರ. ಒಂದ ತೊಟ್ಲಾ ಕಾರ್ಯಕ್ರಮದಾಗ ಇಬ್ಬರು ಎರಡು ಬಾಜೂ ನಿಂತು, ಒಬ್ಬಾವ ಸೀಟಿ ಊದಿದ ಮ್ಯಾಲೆ ಇಬ್ಬರಿಗೂ ಒಮ್ಮೆಲೇ ವೀಳ್ಯೆ ಕೊಟ್ಟದ್ದು ನಾನ ಕಣ್ಣಾರೆ ನೋಡೇನಿ. ಸೀಟಿ ಊದಿದಾವ ನಾನ.

ಈಗ ಕಟ್ಟಿ ಒಡಿಯೂದು ಬಂತು ನೋಡ್ರಿ. ಎಂಜಿನಿಯರ್ ಬಾಯಿ ಗೌಡ್ರನ್ನ ಕೇಳಿದ್ಲು.

"ಛೇ ಛೇ, ನಮ್ಮದು ಹೆಂಗ ಮೊದಲ ಒಡೀತೀರಿ? ಸಾಹುಕಾರ್ರು ಹಿರೇರು, ಮೊದಲ ಮಾನ ಅವ್ರದು," ಅಂದ್ರು ಗೌಡ್ರು.

ಸಾಹುಕಾರ್ರನ್ನ ಕೇಳಿದ್ಲು. ಅವರು ಎದಿ ಮ್ಯಾಲೆ ಕೈ ಇಟ್ಟಕೊಂಡ್ರು. "ಗೌಡ್ರ ಮನಿ ಇರುಮುಂದ ನಮ್ಮದ್ಯಾಕ್ರಿ ಮೊದಲ? ಮೊದಲಿಂದನೂ ಮಾನ ಅವ್ರದ ಐತಿ."

ಅಜ್ಜಂದಿರು ಸತ್ತರೂ ಬಿಡಲಾರದ ಮಾನಾನ ಇಬ್ಬರೂ ಒಬ್ಬರಿಗೊಬ್ಬರು ದಾನಾ ಮಾಡಾಕ ಹತ್ತಿದ್ರು. ಹಿಂಗ "ನೀವ ಮೊದಲ, ನೀವ ಮೊದಲ" ಅನ್ನೂದ್ರಾಗ ವಾರಗಟ್ಟಲೆ ಹೋತು. ಪಡುವಣ ದಿಕ್ಕಿನ್ಯಾಗ ಮಾಡ ಕಟ್ಟಾಕ ಹತ್ತಿತು. ಒಂದಿನಾ ಅಕ್ಕನ ಮನೀಗೆ ರೊಟ್ಟಿ ತರಾಕ ಹೋದ್ರ ನಡುಮನ್ಯಾಗ ಟ್ರಂಕ್ ಬಾಯಿ ತಗದು ಕುಂತಿತ್ತು. ಆಕಿ ಸೀರಿ ಮಡಚಿ ಒಳಗ ಇಡಾಕತ್ತಿದ್ಲು.

"ಇದೇನ ಯವ್ವಾ?"

"ಮಾಡ ನೋಡೀರಿಲ್ಲೋ ಕಾಕಾ? ನಿಮ್ಮ ದೊಡ್ಡವ್ರ ಮಾನ ಮುಗಿಯೂದ್ರಾಗ ನನ್ನ ಸಂಸಾರ ತೇಲಿ ಹೊಕ್ಕೈತಿ."

ರೊಟ್ಟಿ ತಗೊಳ್ಳೂದೂ ಬಿಟ್ಟು ನಾ ಹೊರಬಿದ್ನಿ. ಸೀದಾ ಹೋಗಿ ಎಂಜಿನಿಯರ್ ಬಾಯೀಗೆ ಹೇಳಿದ್ನಿ. "ಯವ್ವಾ, ನಾಳೆ ಮುಂಜಾನೆ ಒಂದ ಹೊಸಾ ಗುದ್ದಲಿ ತಗೊಂಬಾ. ಹೂವಿನ ಹಾರ, ಡೊಳ್ಳಿನವ್ರನ್ನ ನಾ ನೋಡ್ಕೋತೇನಿ."

ಮರದಿನಾ ಗೌಡ್ರ ಕಟ್ಟಿ ಮುಂದ ರಂಗೋಲಿ ಬಿತ್ತು. ಗುದ್ದಲಿಗೆ ಕುಂಕುಮ, ಹಾರ. ಡೊಳ್ಳು ಶುರು ಆತು. ನಾ ಕಂಡಕ್ಟರ್ ದನಿ ಎತ್ತಿದ್ನಿ: "ಕೇಳ್ರಪೋ ಕೇಳ್ರಿ! ನಮ್ಮ ಓಣಿ ಉದ್ಧಾರದ ಮೊದಲ ಗುದ್ದಲಿ ಮಾನ ಗೌಡ್ರ ಮನೆತನಕ್ಕ! ಫೋಟೋದಾವ್ರು ಮುಂದ ಬರ್ರಿ!"

ಗೌಡ್ರು ಮೊದಲ ಗಾಬ್ರಿ ಆದ್ರು. ಡೊಳ್ಳಿನ ಸಪ್ಪಳಾ ಏರಿದಂಗ ಮೀಸಿನೂ ಏರಿದ್ವು. ಒಳಗ ಹೋಗಿ ಪಟಕಾ ಸುತ್ತಿಕೊಂಡು ಬಂದು ಕೊಳ್ಳ ಮುಂದ ಮಾಡಿದ್ರು, ಹಾರ ಹಾಕ್ರಿ ಅಂತ.

ಅಷ್ಟರಾಗ ಬಾಜೂ ಬಾಗಿಲಾ ಧಡ್ ಅಂತು. ಸಾಹುಕಾರ್ರು! ಅರ್ಧಾ ಗಲ್ಲಕ್ಕ ಸಾಬೂನ ನೊರಿ, ಅರ್ಧಾ ಗಲ್ಲ ಬೋಳು. "ಯಾರ್ರಿ ಮೊದಲ ಮಾನ ಗೌಡ್ರಿಗೆ ಕೊಟ್ಟಾವ್ರು?"

"ನೀವ ಕೊಟ್ರಲ್ರಿ," ಅಂದ್ನಿ.

"ನಾ ಕೊಟ್ಟದ್ದು ಒಡಸಿಕೊಳ್ಳೂ ಮಾನ! ಡೊಳ್ಳು ಹೊಡಿಸಿಕೊಳ್ಳೂ ಮಾನ ಅಲ್ಲ!"

ಒಳಗ ಹೋದಾವ್ರ ಕಬ್ಬಿಣದ ಹಾರಿ ಹಿಡಕೊಂಡ ಬಂದು ತಮ್ಮ ಕಟ್ಟಿಗೆ ಒಂದ ಹಾಕಿದ್ರು ನೋಡ್ರಿ, ಕಲ್ಲ ಸಿಡದು ಗುಡಿ ಗಂಟಿಗೆ ಬಡದು ಗಂಟಿ ಬಾರಿಸ್ತು. ಇತ್ತ ಗೌಡ್ರು ಹಾರ ಹರದ ಒಗದು ಗುದ್ದಲಿ ಕಸಗೊಂಡ್ರು. ಡೊಳ್ಳಿನವ್ರಿಗೂ ಹುರುಪ ಬಂತು. ಆಳು ಬಂದ್ರ "ಸರೀ ಅತ್ತಾಗ!" ಅಂತ ಇಬ್ಬರೂ ದಬ್ಬತಿದ್ರು. ಸಾಹುಕಾರ್ರ ಮನಿಯವ್ರು ಒಳಗಿಂದ, "ಹೊಸಲಿ ಬಿಡ್ರಿ! ಹೊಸಲೀಯರೆ ಬಿಡ್ರಿ!" ಅಂತ ಒದರಾಕತ್ತಿದ್ರು.

ಉಣ್ಣೂ ಹೊತ್ತಿಗೆ ಎರಡೂ ಕಟ್ಟಿ ನೆಲಕ್ಕ. ಆವಾಗ ಗೊತ್ತಾತು ಗುಟ್ಟು. ಗೌಡ್ರ ಕಟ್ಟಿ ತುದಿಗೆ ಗಟಾರದಾಗ ಅಡ್ಡಾ ಒಂದ ಹಾಸುಗಲ್ಲು, ತಮ್ಮ ನೀರು ಸಾಹುಕಾರ್ರ ಕಟ್ಟಿ ಕೆಳಗ ತಲಿ ಬಗ್ಗಿಸಿ ಹೋಗಬಾರದಂತ. ಅದರಾಚೆ ಒಂದ ಗೇಣ ಬಿಟ್ಟು ಸಾಹುಕಾರ್ರ ಹಾಸುಗಲ್ಲು, ಗೌಡ್ರ ನೀರು ತಮ್ಮ ಕೆಳಗ ಬರಬಾರದಂತ. ಇಬ್ಬರ ಅಜ್ಜಂದಿರೂ ಒಬ್ಬರಿಗೆ ಗೊತ್ತಾಗದಂಗ ಒಬ್ಬರು ಇಟ್ಟಿದ್ರು.

ಎಂಜಿನಿಯರ್ ಬಾಯಿ ಸೊಂಟದ ಮ್ಯಾಲೆ ಕೈ ಇಟ್ಟಕೊಂಡು, "ಇಡೀ ಓಣಿ ಮುಣಗಿಸಿದ ಈ ಕಲ್ಲ ಮೊದಲ ಇಟ್ಟಾವ್ರು ಯಾರ್ರಿ?" ಅಂದ್ಲು.

ಇಬ್ಬರೂ ಒಮ್ಮೆಲೇ ಎದಿ ಉಬ್ಬಿಸಿ ಅಂದ್ರು: "ನಮ್ಮವ್ರ ಮೊದಲ!"

ಮಳಿ ಬಂತು

ಹಾಸುಗಲ್ಲು ತಗದ್ರು, ಕೆರೀತನ ಹೂಳ ಎತ್ತಿದ್ರು, ಅಕ್ಕನ ಮನಿ ಮುಂದ ಒಂದ ಕಬ್ಬಿಣದ ಜಾಳಗಿ ಹಾಕಿದ್ರು, ರಸ್ತೆ ನೀರೂ ಗಟಾರಕ್ಕ ಇಳೀಲಿ ಅಂತ. ಆ ಕೆಲಸ ಮುಗದು ಸಿಮೆಂಟ್ ಆರೂದ್ರಾಗ ಮಳಿ ಬಂತು. ಎಂಥಾ ಮಳಿ ಅಂತೀರಿ! ಹಾನಗಲ್ಲಿಂದ ಹಿರೇಕೆರೂರತನ ಒಂದ ಮಾಡ. ಹನಿ ಒಂದೊಂದ ನಿಂಬಿಹಣ್ಣ. ಮಧ್ಯಾಹ್ನದಾಗ ದೀಪಾ ಹಚ್ಚಬೇಕಾತು.

ಆ ದಿನಾನ ಖಾನಾವಳಿದು ದೊಡ್ಡ ಆರ್ಡರ್ ಇತ್ತು. ಅಕ್ಕ ಎರಡು ದಿವಸ ಬಡದ ರೊಟ್ಟಿ ಬುಟ್ಟಿ ತುಂಬಿ, ಅರಿವಿ ಮುಚ್ಚಿ, ಸಂಜೀ ಬಸ್ಸಿಗೆ ಕಳಸಾಕ ಇಟ್ಟಿದ್ಲು. ಟ್ರಂಕೂ ಬಾಜೂಕ ತಯಾರಿತ್ತು. ನೀರ ಒಳಗ ಬಂದ್ರ ಆರ್ಡರ್ ಹೋತು, ಅಕ್ಕನೂ ಹೋದ್ಲು.

ಇಂಥಾದ್ರಾಗ ಮನ್ಯಾಗ ಕೂಡೂದು ಹೆಂಗ? ಇಡೀ ಓಣಿ ಗೋಣಿಚೀಲಾ ತಲಿ ಮ್ಯಾಲೆ ಹಾಕ್ಕೊಂಡು, ಛತ್ರಿ ಹಿಡಕೊಂಡು ಜಾಳಗಿ ನೋಡಾಕ ಬಂತು. ಗೌಡ್ರು ಬಂದ್ರು. ಸಾಹುಕಾರ್ರು ಬಂದ್ರು. ಮಾಸ್ತರ್ರು ಬಂದ್ರು. ಎಂಜಿನಿಯರ್ ಬಾಯಿ ರೇನ್‌ಕೋಟಿನ್ಯಾಗ ಬಂದ್ಲು. ಆಕಿ ಮಾರಿ ನೋಡಿದ್ರ ಪರೀಕ್ಷಾ ಬರಿಯಾಕ ಕುಂತಂಗಿತ್ತು.

"ತೊಯ್ಸಿಕೊಳ್ಳಾಕತ್ತೀರಿ, ಒಳಗರೆ ಬರ್ರಿ," ಅಂದ್ಲು ಅಕ್ಕ. ಬಂದ್ವಿ. ಬಾಗಿಲದಾಗ, ಕಿಡಕ್ಯಾಗ, ಬುಟ್ಟಿ ಬಾಜೂಕ, ಎಲ್ಲೆ ಜಾಗಾ ಸಿಕ್ತೋ ಅಲ್ಲೆ ಕುಂತು ನೋಡಾಕ ಹತ್ತಿದ್ವಿ.

ನೀರ ಬಂತು. ಕೆಂಪ ಮಣ್ಣಿನ ನೀರು, ಭುಸುಗುಟ್ಟಕೋಂತ. ಜಾಳಗಿ ಮುಂದ ಬಂದು ನಿಂತಿತು. ಏರಿತು. ಅಕ್ಕನ ಪಾವಟಿಗಿ ಮುಟ್ಟಿತು. ಹೆದರಿಕಿಗೆ ನನ್ನ ಕೈ ತಾನ ಬುಟ್ಟಿಗೆ ಹೋಗಿ ಒಂದ ರೊಟ್ಟಿ ಮುರೀತು. ಕಟಕ್! ಗೌಡ್ರ ಕೈನೂ ಹೋತು. ಕಟಕ್!

"ಗುಳುಗುಳು ಅನ್ನಾಕತ್ತೇತಿ ನೋಡ್ರಿ!" ಅಂದ್ಲು ಎಂಜಿನಿಯರ್ ಬಾಯಿ. ಖರೇನ, ನೀರ ಸುಳಿ ತಿರಗಿ ಒಳಗ ಇಳಿಯಾಕ ಹತ್ತಿತು. ಖುಷೀಲೆ ಎಲ್ಲಾರೂ ಒಂದೊಂದ ಮುರದ್ರು. ಮತ್ತ ಏರಿತು, ಹೆದರಿಕಿಗೆ ಮುರದ್ರು. ಇಳೀತು, ಖುಷೀಗೆ ಮುರದ್ರು. ಯಾರೋ ಗ್ವಾಡಿ ಗೂಡಿನ್ಯಾಗಿಂದ ಶೇಂಗಾ ಚಟ್ನಿ ಡಬ್ಬಿ ಇಳಿಸಿದ್ರು. ಎಂಜಿನಿಯರ್ ಬಾಯಿನೂ ಹಿಂದ ಬೀಳ್ಲಿಲ್ಲ, ಅದನ್ನ ಹೇಳಲೇಬೇಕು. ಅಕ್ಕಗ ಮಾತ್ರ ಯಾವುದರ ಖಬರಿಲ್ಲ. ಹೊಸಲಿಗೆ ಕುಂತು, ಜಾಳಗ್ಯಾಗ ಇಳಿಯೂ ನೀರನ್ನ ನೋಡ್ಕೋಂತ ಕಣ್ಣ ಒರಸಿಕೊಳ್ಳಾಕತ್ತಿದ್ಲು. ಮಳಿ ನಿಂತ ಮ್ಯಾಲೆ ಒಳಗ ಬಂದು, ಯಾರಿಗೂ ಏನೂ ಅನ್ನದ, ಟ್ರಂಕಿನ್ಯಾಗಿನ ಸೀರಿ ತಗದು ಗೂಟಕ್ಕ ಹಾಕಿದ್ಲು.

ನಾವು ಚಪ್ಪಾಳಿ ತಟ್ಟಿದ್ವಿ. ಅಷ್ಟರಾಗ ಆಕಿ ಫೋನ್ ಬಾರಿಸ್ತು. ಖಾನಾವಳಿ ಮಾಲಕ. ದನಿ ಎಷ್ಟ ದೊಡ್ಡದಂದ್ರ ಎಲ್ಲಾರಿಗೂ ಕೇಳಿಸ್ತಿತ್ತು.

"ಅಕ್ಕಾರ, ಅಲ್ಲೂ ಮಳಿ ಬಂತೇನ್ರಿ?"

"ಭಾರೀ ಬಂತ್ರಿ."

"ಮತ್ತ ಮನ್ಯಾಗ ನೀರ ಹೊಕ್ಕಿತೇನು?"

"ಒಂದ ಹನಿ ಇಲ್ರಿ!"

"ಅಂದ್ರ ರೊಟ್ಟಿ ತೊಯ್ದಿಲ್ಲ?"

"ಒಂದೂ ತೊಯ್ದಿಲ್ರಿ ಯಪ್ಪಾ, ಒಂದೂ ತೊಯ್ದಿಲ್ಲ!"

"ಭೇಷ್! ಹಂಗಾರ ಬಸ್ಸಿಗೆ ಹಾಕ್ರಿ."

ಅಕ್ಕ ಫೋನ್ ಕಿವೀಗೆ ಹಿಡಕೊಂಡು ನಗಕೋಂತ ಬುಟ್ಟಿ ಅರಿವಿ ಎತ್ತಿದ್ಲು. ಒಳಗ ನೋಡಿದ್ಲು. ಎರಡನೇ ಬುಟ್ಟಿ ನೋಡಿದ್ಲು. ಆಮ್ಯಾಲೆ ತಲಿ ಎತ್ತಿ ನಮ್ಮನ್ನ ನೋಡಿದ್ಲು. ಇಡೀ ಓಣಿ ಅಗಿಯೂದು ನಿಲ್ಲಿಸ್ತು.

"ಹಲೋ? ಅಕ್ಕಾರ? ಯಾವ ಬಸ್ಸಿಗೆ ಕಳಸ್ತೀರಿ?"

"ಇವತ್ತ ಆಗೂದಿಲ್ರಿ," ಅಂದ್ಲು ಅಕ್ಕ. "ಕಳಸಾಕ ಒಂದೂ ಉಳದಿಲ್ಲ."

"ಯಾಕ್ರಿ? ಏನಾತು?"

"ಗಟಾರ ರಿಪೇರಿ ಆತ್ರಿ!"